ಹಿಂಗಾರಿ ಹೊಲದ ಚಳಿಗಾಲದ ಹಕ್ಕಿಗಳು, ಚೈತ್ರದ ಮೊದಲ ಕುರುಹುಗಳು

ಉತ್ತರೆ, ಹಸ್ತ ಮಳೆಗಳಲ್ಲಿ ಬಿತ್ತಿದ ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ನಮ್ಮ ಹೊಲಗಳಿಗೆ ದೂರದ ನೆಂಟರು ಬಂದು ಸೇರಿರುತ್ತಾರೆ. ಕರೆಯದೆ ಬರುವ ಈ ನೆಂಟರು ಚಳಿಗಾಲವನ್ನೆಲ್ಲ ನಮ್ಮಲ್ಲಿ ಕಳೆದು, ಯುಗಾದಿಯ ಹಿಂದುಮುಂದಿನ ದಿನಗಳಲ್ಲಿ ಹೇಳದೆ ಹೊರಟುಹೋಗುತ್ತಾರೆ. ಇವೇ ಚಳಿಗಾಲದ ವಲಸೆ ಹಕ್ಕಿಗಳು.

ಹಕ್ಕಿ ಎಂದೊಡನೆ ಜೋಳ ಬೆಳೆಯುವ ರೈತರಿಗೆ ನೆನಪಾಗುವುದು ಕವಣೆ ಮತ್ತು ಮಂಚಿಕೆ. ಇದು ಸಹಜವೇ. ಹಾಲುಗಾಳಿನ ತೆನೆಗೆ ಮುತ್ತಿಗೆ ಹಾಕುವ ಗುಂಪನ್ನು ಕಂಡವರಿಗೆ ಹಕ್ಕಿಗಳ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಆದರೆ ಚಳಿಗಾಲದಲ್ಲಿ ಬರುವ ಹಕ್ಕಿಗಳೆಲ್ಲವೂ ಕಾಳು ತಿನ್ನುವುದಿಲ್ಲ. ಬಹುಪಾಲು ಹಕ್ಕಿಗಳು ಹುಳು, ಮಿಡತೆ, ಇಲಿಗಳನ್ನು ತಿಂದು ಬದುಕುತ್ತವೆ. ಕಾಳಿಗೆ ಬರುವ ಒಂದೆರಡು ಜಾತಿಗಳು ಕೂಡ ಬೆಳೆಗೆ ತೊಂದರೆ ಕೊಡುವುದು ಕೆಲವು ವಾರಗಳು ಮಾತ್ರ. ಯಾವ ಹಕ್ಕಿ ಯಾವುದು, ಯಾವ ವಾರಗಳಲ್ಲಿ ಕಾವಲು ಬೇಕು ಎಂಬುದನ್ನು ತಿಳಿದ ರೈತರಿಗೆ ಕೂಲಿಯೂ ಉಳಿಯುತ್ತದೆ, ಔಷಧಿಯ ಖರ್ಚೂ ತಗ್ಗುತ್ತದೆ. ಈ ದೃಷ್ಟಿಯಿಂದ ನಮ್ಮ ಚಳಿಗಾಲದ ಹಕ್ಕಿಗಳನ್ನು ಮತ್ತು ಅವು ಹೊರಡುವ ಕಾಲಕ್ಕೆ ಕಾಣಿಸಿಕೊಳ್ಳುವ ಚೈತ್ರದ ಕುರುಹುಗಳನ್ನು ಇಲ್ಲಿ ಪರಿಚಯಿಸಲಾಗಿದೆ.

ಎಲ್ಲಿಂದ ಬರುತ್ತವೆ, ಏಕೆ ಬರುತ್ತವೆ?

ಈ ಹಕ್ಕಿಗಳ ತವರು ಹಿಮಾಲಯ, ಟಿಬೆಟ್, ಮಂಗೋಲಿಯಾ, ಕಜಕಸ್ತಾನ, ಸೈಬೀರಿಯಾ ಮುಂತಾದ ಉತ್ತರದ ನಾಡುಗಳು. ಅಲ್ಲಿ ಚಳಿಗಾಲದಲ್ಲಿ ನೆಲ ಹಿಮದಿಂದ ಮುಚ್ಚಿ, ಕೆರೆಗಳು ಹೆಪ್ಪುಗಟ್ಟುತ್ತವೆ. ಹುಳುಹುಪ್ಪಟೆ ಸಿಗುವುದಿಲ್ಲ. ಹಗಲೂ ಬಹಳ ಚಿಕ್ಕದು. ಡಿಸೆಂಬರ್ 22ರ ಸುಮಾರಿಗೆ ನಮ್ಮ ವಿಜಯಪುರದಲ್ಲಿ ಹಗಲು 11 ಗಂಟೆಗಿಂತ ತುಸು ಹೆಚ್ಚಿದ್ದರೆ, ಕಜಕಸ್ತಾನದ ಬಯಲುಗಳಲ್ಲಿ ಸುಮಾರು 8 ಗಂಟೆ ಮಾತ್ರ. ಆಹಾರ ಹುಡುಕಲು ಅಷ್ಟು ಹೊತ್ತು ಸಾಲದು. ಹೀಗಾಗಿ ಹಕ್ಕಿಗಳು ಹೊಟ್ಟೆಪಾಡಿಗಾಗಿ ದಕ್ಷಿಣಕ್ಕೆ ಗುಳೆ ಬರುತ್ತವೆ. ಮುಂಗಾರು ಮುಗಿದು ಹೊಲ, ಕೆರೆ, ಹುಲ್ಲುಗಾವಲು ತುಂಬಿರುವ ನಮ್ಮ ನಾಡು ಅವುಗಳಿಗೆ ಉಗ್ರಾಣವಿದ್ದಂತೆ.

ಮರಳಿ ಹೊರಡುವ ಕಾಲವನ್ನು ಅವು ಹೇಗೆ ತಿಳಿಯುತ್ತವೆ ಎಂಬುದು ಸ್ವಾರಸ್ಯದ ವಿಷಯ. ಮುಖ್ಯ ಸೂಚನೆ ಹಗಲಿನ ಉದ್ದ. ಡಿಸೆಂಬರ್ ಕೊನೆಯಿಂದ ಹಗಲು ದಿನಕ್ಕಿಷ್ಟು ಬೆಳೆಯುತ್ತ ಮಾರ್ಚ್ 21ರ ಹೊತ್ತಿಗೆ 12 ಗಂಟೆಯನ್ನು ಮುಟ್ಟುತ್ತದೆ. ಈ ಸಣ್ಣ ಬದಲಾವಣೆಯನ್ನು ಹಕ್ಕಿಯ ಮಿದುಳು ಗುರುತಿಸಿ, ದೇಹದಲ್ಲಿ ರಸದೂತಗಳು ಹುಟ್ಟುವಂತೆ ಮಾಡುತ್ತದೆ. ಆಗ ಹಸಿವು ಹೆಚ್ಚಿ, ಹಕ್ಕಿ ಮೈತುಂಬ ಕೊಬ್ಬು ಕೂಡಿಸಿಕೊಳ್ಳುತ್ತದೆ. ಈ ಕೊಬ್ಬೇ ದಾರಿಯ ಬುತ್ತಿ. ನಮ್ಮ ಕಾಳಿನ ಹೊಲಗಳಿಗೆ ಬರುವ ಕರಿತಲೆಯ ಬಂಟಿಂಗ್ ಎಂಬ ಹಕ್ಕಿಯ ಮೇಲೆ ಉತ್ತರ ಭಾರತದ ವಿಜ್ಞಾನಿಗಳು ಹಲವು ವರ್ಷ ಪ್ರಯೋಗ ನಡೆಸಿದ್ದಾರೆ. ಚಳಿಗಾಲದಲ್ಲೇ ಕೃತಕ ದೀಪದಿಂದ ಹಗಲನ್ನು ಉದ್ದ ಮಾಡಿದಾಗ, ಕಾಲ ಬರುವ ಮೊದಲೇ ಈ ಹಕ್ಕಿಗಳು ಕೊಬ್ಬಿ ಪ್ರಯಾಣಕ್ಕೆ ಸಿದ್ಧವಾಗುವುದು ಕಂಡುಬಂದಿದೆ.

ರೈತರಿಗೆ ಇದು ಪೂರ್ತಿ ಹೊಸ ವಿಷಯವೇನಲ್ಲ. ನೀವು ಬೆಳೆಯುವ ಜೋಳವೂ ಹಗಲಿನ ಉದ್ದವನ್ನು ಅಳೆಯುವ ಬೆಳೆಯೇ. ಹಗಲು ಕುಗ್ಗುತ್ತಿರುವಾಗ ಅದು ಬೇಗ ತೆನೆ ಹಾಯುತ್ತದೆ. ಹಗಲು ಕುಗ್ಗಿದರೆ ಜೋಳಕ್ಕೆ ತೆನೆ, ಹಗಲು ಹಿಗ್ಗಿದರೆ ಹಕ್ಕಿಗೆ ಪ್ರಯಾಣ. ಎರಡಕ್ಕೂ ಸೂರ್ಯನೇ ಪಂಚಾಂಗ.

ಬೆಳೆಗೆ ನೆರವಾಗುವ ನೆಂಟರು

ಕುಂಡೆಕುಸ್ಕ: ಸಿಪಿಲೆ ಎಂದೂ ಕರೆಯುವ ಈ ತೆಳ್ಳನೆಯ ಹಕ್ಕಿ ನಡೆಯುವಾಗ ಬಾಲವನ್ನು ಸದಾ ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಸೆಪ್ಟೆಂಬರ್ ತಿಂಗಳಲ್ಲೇ ಮೊದಲು ಕಾಣಿಸಿಕೊಳ್ಳುವ ವಲಸೆಗಾರರಲ್ಲಿ ಇದೂ ಒಂದು. ಬೂದು, ಹಳದಿ, ಬಿಳಿ ಬಣ್ಣಗಳ ಬೇರೆ ಬೇರೆ ಜಾತಿಗಳಿವೆ. ಭತ್ತದ ಗದ್ದೆ, ಕಾಲುವೆಯ ಅಂಚು, ನೀರು ಹಾಯಿಸಿದ ಮಡಿ, ಮೇಯುವ ದನಗಳ ಕಾಲ ಬುಡ, ಇವೇ ಅದರ ತಾಣಗಳು. ನೊಣ, ಜಿಗಿಹುಳು, ಸಣ್ಣ ಕೀಡೆಗಳೇ ಅದರ ಆಹಾರ. ಕಾಳನ್ನು ಮುಟ್ಟುವುದಿಲ್ಲ.

ಕವಲುತೋಕೆ: ಚಳಿಗಾಲದ ಬೆಳಿಗ್ಗೆ ವಿದ್ಯುತ್ ತಂತಿಯ ಮೇಲೆ ನೂರಾರು ಸಂಖ್ಯೆಯಲ್ಲಿ ಸಾಲಾಗಿ ಕೂರುವ ಕಡುನೀಲಿ ಬೆನ್ನಿನ ಪುಟ್ಟ ಹಕ್ಕಿ. ಅಂಬರಗುಬ್ಬಿ ಎಂಬ ಹೆಸರೂ ಉಂಟು. ಗದ್ದೆ ಮತ್ತು ಕೆರೆಗಳ ಮೇಲೆ ಹಾರಾಡುತ್ತ, ಹಾರುವ ಕೀಟಗಳನ್ನು ಗಾಳಿಯಲ್ಲೇ ಹಿಡಿದು ನುಂಗುತ್ತದೆ. ಇದೂ ಕಾಳು ತಿನ್ನುವ ಹಕ್ಕಿಯಲ್ಲ.

ಕಂದು ಕೀಚುಗ: ಬೇಲಿಯ ತುದಿಯಲ್ಲೋ ಜಾಲಿಯ ಕೊಂಬೆಯಲ್ಲೋ ಒಂಟಿಯಾಗಿ ಕೂತು ಗಡಸು ದನಿಯಲ್ಲಿ ಕಿರಿಚುತ್ತದೆ. ಕಣ್ಣಿನ ಮೇಲೆ ಕಪ್ಪುಪಟ್ಟಿ ಇರುತ್ತದೆ. ಮಿಡತೆ, ಜೀರುಂಡೆ, ಕೀಡೆಗಳ ಬೇಟೆಗಾರ. ಒಂದು ಬೇಲಿಯನ್ನು ಹಿಡಿದರೆ ಚಳಿಗಾಲ ಪೂರ್ತಿ ಅದನ್ನೇ ಕಾಯುತ್ತದೆ.

ಉಲಿಯಕ್ಕಿಗಳು: ಗುಬ್ಬಿಗಿಂತ ಚಿಕ್ಕವು. ಎಲೆಯ ಬಣ್ಣವೇ ಮೈಬಣ್ಣವಾದ್ದರಿಂದ ಕಣ್ಣಿಗಿಂತ ಕಿವಿಗೇ ಮೊದಲು ಸಿಗುತ್ತವೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ನೆರಳು ಮರಗಳಲ್ಲಿ, ಬಯಲುಸೀಮೆಯ ಮಾವಿನ ತೋಪುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಲೆಯಿಂದ ಎಲೆಗೆ ಜಿಗಿಯುತ್ತ ಸಣ್ಣ ಹುಳು, ಮೊಟ್ಟೆಗಳನ್ನು ಹೆಕ್ಕುತ್ತವೆ. ಇಷ್ಟು ಪುಟ್ಟ ದೇಹಕ್ಕೆ ಶಾಖ ಉಳಿಸಿಕೊಳ್ಳಲು ದಿನವಿಡೀ ತಿನ್ನಲೇಬೇಕು. ಆ ಹಸಿವೇ ತೋಟಗಾರನಿಗೆ ಲಾಭ.

ಸೆಳೆವ: ಹೊಲದ ಮೇಲೆ ಆಳೆತ್ತರದಲ್ಲಿ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ತೇಲುತ್ತ ಹೋಗುವ ಉದ್ದ ರೆಕ್ಕೆಯ ಬೇಟೆಹಕ್ಕಿ. ಗಂಡು ಬೂದು ಬಣ್ಣ, ಹೆಣ್ಣು ಕಂದು. ಕಜಕಸ್ತಾನದ ಹುಲ್ಲುಬಯಲುಗಳಲ್ಲಿ ಮರಿ ಮಾಡುವ ಈ ಹಕ್ಕಿ ಚಳಿಗಾಲಕ್ಕೆ ದಖ್ಖನ್ನಿನ ಎರೆಭೂಮಿಗೆ ಬರುತ್ತದೆ. ಮಿಡತೆ, ಇಲಿ, ಓತಿಕ್ಯಾತ, ಸಣ್ಣ ಹಕ್ಕಿಗಳು ಇದರ ಆಹಾರ. ರಾತ್ರಿ ಮರದ ಮೇಲೆ ಮಲಗದೆ ಹುಲ್ಲುಗಾವಲಿನ ನೆಲದ ಮೇಲೆಯೇ ಗುಂಪಾಗಿ ತಂಗುತ್ತದೆ. ಆದ್ದರಿಂದ ಊರಿನ ಗೋಮಾಳಕ್ಕೆ ಬೆಂಕಿ ಹಚ್ಚಿದರೆ, ಇಲ್ಲವೆ ಹುಲ್ಲುಗಾವಲನ್ನೆಲ್ಲ ಉತ್ತುಬಿಟ್ಟರೆ ಸೆಳೆವಗಳಿಗೆ ನೆಲೆ ತಪ್ಪುತ್ತದೆ. ಇಲಿ, ಮಿಡತೆಗಳ ಲೆಕ್ಕ ನೋಡುವವರು ಆಗ ಇಲ್ಲದಂತಾಗುತ್ತದೆ.

ಈ ಹೊರಗಿನವರ ಜೊತೆಗೆ ನಮ್ಮವೇ ಆದ ಕಾಜಾಣ, ಗೊರವಂಕ, ನೀಲಕಂಠ, ಬೆಳ್ಳಕ್ಕಿಗಳೂ ದುಡಿಯುತ್ತಿರುತ್ತವೆ. ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ ಎಂಬುದು ನಿಮಗೆ ತಿಳಿದದ್ದೇ. ಕಡಲೆಯ ಕಾಯಿಕೊರಕದ ಹುಳುಗಳನ್ನು ಕಾಜಾಣ, ಗೊರವಂಕಗಳು ಹುಡುಕಿ ತಿನ್ನುತ್ತವೆ. ಆದರೆ ಕಡಲೆ ಗಿಡ ಗಿಡ್ಡದಾದ್ದರಿಂದ ಹಕ್ಕಿಗೆ ಕೂರಲು ಜಾಗವಿರುವುದಿಲ್ಲ. ಎಕರೆಗೆ 15ರಿಂದ 20ರಂತೆ, ಬೆಳೆಗಿಂತ ಒಂದೆರಡು ಅಡಿ ಎತ್ತರವಿರುವಂತೆ ಕವಲು ಕಟ್ಟಿಗೆಗಳನ್ನು ನೆಟ್ಟರೆ ಅವು ಕೂತು ಬೇಟೆಯಾಡಲು ಅನುಕೂಲವಾಗುತ್ತದೆ. ಬಿತ್ತುವಾಗಲೇ ಕಡಲೆ ಬೀಜದೊಂದಿಗೆ ಹಿಡಿಯಷ್ಟು ಜೋಳ ಬೆರೆಸುವುದೂ ಒಳ್ಳೆಯ ಪದ್ಧತಿ. ಅಲ್ಲೊಂದು ಇಲ್ಲೊಂದು ಬೆಳೆದ ಜೋಳದ ದಂಟೇ ಹಕ್ಕಿಗೆ ಪೀಠವಾಗುತ್ತದೆ.

ಕಾಳು ತಿನ್ನುವ ನೆಂಟರು

ಇನ್ನು ರೈತರ ದೂರಿಗೆ ಗುರಿಯಾದವರ ವಿಷಯ. ಇವರಲ್ಲಿ ಮೊದಲನೆಯದು ಗುಲಾಬಿ ಕಬ್ಬಕ್ಕಿ. ಗಾತ್ರದಲ್ಲಿ ಗೊರವಂಕದಷ್ಟೇ. ತಲೆ, ಕೊರಳು, ರೆಕ್ಕೆ, ಬಾಲ ಕಪ್ಪು; ಬೆನ್ನು, ಹೊಟ್ಟೆ ತಿಳಿಗುಲಾಬಿ. ಚಳಿಗಾಲದಲ್ಲಿ ಈ ಬಣ್ಣ ಮಾಸಿದಂತೆ ಕಾಣುತ್ತದೆ. ನೂರು, ಸಾವಿರದ ಗುಂಪುಗಳಲ್ಲಿ ಮೋಡದಂತೆ ಬಂದು ಇಳಿಯುತ್ತದೆ. ಎರಡನೆಯದು ಮೇಲೆ ಹೇಳಿದ ಕರಿತಲೆಯ ಬಂಟಿಂಗ್. ಹಳದಿ ಎದೆಯ, ಗುಬ್ಬಿಗಿಂತ ತುಸು ದೊಡ್ಡದಾದ ಈ ಹಕ್ಕಿ ಉತ್ತರ ಕರ್ನಾಟಕದ ಜೋಳ, ಗೋಧಿ ಹೊಲಗಳಲ್ಲಿ ಗುಂಪುಗಟ್ಟುತ್ತದೆ. ಇವುಗಳ ಜೊತೆಗೆ ಇಲ್ಲಿಯವೇ ಆದ ಗಿಳಿ, ಗುಬ್ಬಚ್ಚಿಗಳೂ ತೆನೆಗೆ ಬರುತ್ತವೆಂಬುದನ್ನು ಮರೆಯಬಾರದು. ಹಕ್ಕಿಯ ಹಾನಿಯೆಲ್ಲವನ್ನೂ ಹೊರಗಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಾನಿಯನ್ನು ಹಗುರವಾಗಿ ಕಾಣುವಂತಿಲ್ಲ. ಒಂದು ಹಕ್ಕಿ ದಿನಕ್ಕೆ 10 ಗ್ರಾಂ ಕಾಳು ತಿಂದಿತೆಂದು ಇಟ್ಟುಕೊಂಡರೂ ಸಾವಿರ ಹಕ್ಕಿಗಳ ಗುಂಪಿಗೆ ದಿನಕ್ಕೆ 10 ಕಿಲೋ ಆಯಿತು. ಮೂರು ವಾರ ಅದೇ ಹೊಲಕ್ಕೆ ಬಂದರೆ 2 ಕ್ವಿಂಟಲಿಗೂ ಮಿಕ್ಕುತ್ತದೆ. ಮಳೆಯಾಶ್ರಯದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬೆಳೆಯುವವನಿಗೆ ಇದು ಅರ್ಧ ರಾಶಿ. ಕ್ಷೇತ್ರ ಭೇಟಿಯ ಸಮಯದಲ್ಲಿ ಒಬ್ಬ ಹಿರಿಯ ರೈತರು ಆಡಿದ ಮಾತು ಇಲ್ಲಿ ಉಲ್ಲೇಖಾರ್ಹ: “ಸಾಹೇಬರ, ಹಕ್ಕಿ ತಿಂದು ಉಳಿದದ್ದು ನಮ್ದು ಅಂತ ಹೇಳೂದು ಹಗರ. ಊರ ಹೊಲ ಎಲ್ಲಾ ಹಸರ ಇದ್ದಾಗ ನಂದೊಂದ ತೆನಿ ಹಾಲ ತುಂಬಿದ್ರ, ಉಳಿಯೂದರ ಏನು?”

ಇವರ ಮಾತಿನಲ್ಲೇ ಸಮಸ್ಯೆಯ ಮೂಲವೂ ಇದೆ, ಪರಿಹಾರವೂ ಇದೆ. ಊರಿಗೆಲ್ಲ ಮೊದಲು ತೆನೆ ಬಂದ ಹೊಲಕ್ಕೂ ಕೊನೆಗೆ ಉಳಿದ ಹೊಲಕ್ಕೂ ಹಕ್ಕಿಯ ಕಾಟ ಹೆಚ್ಚು. ಜೋಳದ ತಳಿಗಳನ್ನು ಸಣ್ಣ ತಾಕುಗಳಲ್ಲಿ ಬೆಳೆದು ಪರೀಕ್ಷಿಸುವ ನಮ್ಮಂಥವರಿಗೆ ಇದು ನಿತ್ಯದ ಅನುಭವ. ಮೊದಲು ಹೂ ಬಿಟ್ಟ ತಳಿಯ ತೆನೆಗಳಿಗೆ ಚೀಲ ಕಟ್ಟದಿದ್ದರೆ ಬೀಜಕ್ಕೂ ಕಾಳು ಸಿಗುವುದಿಲ್ಲ.

ಗುಲಾಬಿ ಕಬ್ಬಕ್ಕಿಗೆ ಇನ್ನೊಂದು ಮುಖವಿದೆ. ಅದು ಕಾಳಿನ ಜೊತೆಗೆ ಕೀಡೆ, ಮಿಡತೆಗಳನ್ನೂ ತಿನ್ನುತ್ತದೆ. ತವರಿನಲ್ಲಿ ಮರಿಗಳಿಗೆ ಉಣಿಸುವುದು ಮುಖ್ಯವಾಗಿ ಮಿಡತೆಗಳನ್ನೇ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಹುಲ್ಲುಗಾವಲಿನ ಮಿಡತೆಗಳ ಹಾವಳಿ ತಡೆಯಲು 1980ರ ದಶಕದಿಂದ ಈ ಹಕ್ಕಿಗೆಂದೇ ಕಲ್ಲುಗುಡ್ಡೆಗಳನ್ನು ಒಟ್ಟಿ, ಗೂಡಿನ ಗೋಡೆಗಳನ್ನು ಕಟ್ಟಿ ಬರಮಾಡಿಕೊಳ್ಳುತ್ತಿದ್ದಾರೆ. ಇಲ್ಲಿ ಕವಣೆಕಲ್ಲಿಗೆ ಗುರಿಯಾದ ಹಕ್ಕಿಗೆ ಅಲ್ಲಿ ಕಲ್ಲಿನ ಮನೆ! ಅಲ್ಲಿಯ ಮಿಡತೆಗಳಿಂದ ನಮಗೆ ನೇರವಾದ ಲಾಭನಷ್ಟವಿಲ್ಲ, ನಿಜ. ಆದರೆ ಒಂದೇ ಹಕ್ಕಿ ಒಬ್ಬ ರೈತನಿಗೆ ಕಳ್ಳನೂ ಇನ್ನೊಬ್ಬನಿಗೆ ಆಳೂ ಆಗಬಲ್ಲದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ನಾಲ್ಕು ವಾರಗಳ ಕಾವಲು

ಜೋಳಕ್ಕೆ ಹಕ್ಕಿಯ ಕಾಟ ಇರುವುದು ಹಾಲುಗಾಳಿನಿಂದ ಕಾಳು ಗಟ್ಟಿಯಾಗುವವರೆಗೆ, ಎಂದರೆ ಹೂ ಬಿಟ್ಟು 8-10 ದಿನಗಳಾದ ಮೇಲೆ ಸುಮಾರು ಮೂರರಿಂದ ನಾಲ್ಕು ವಾರ. ಸೀತನಿ ಸುಡುವ ಕಾಲವೇ ಹಕ್ಕಿಗೂ ಹಬ್ಬ. ಈ ಅವಧಿಯಲ್ಲಿ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ಒಂದೇ ಅಡ್ಡೆಯ ರೈತರೆಲ್ಲ ಒಂದೇ ವಾರದಲ್ಲಿ, ಹೆಚ್ಚು ಕಡಿಮೆ ಒಂದೇ ಅವಧಿಯ ತಳಿಯನ್ನು ಬಿತ್ತತಕ್ಕದ್ದು. ತೆನೆಗಳೆಲ್ಲ ಒಟ್ಟಿಗೆ ಬಂದರೆ ಹಾನಿ ಹಂಚಿಹೋಗಿ ಯಾರೊಬ್ಬರಿಗೂ ಹೊರೆಯಾಗುವುದಿಲ್ಲ. ಖರ್ಚಿಲ್ಲದ ಈ ಉಪಾಯವೇ ಎಲ್ಲಕ್ಕಿಂತ ಪರಿಣಾಮಕಾರಿ.

2. ಹಕ್ಕಿ ಹೆಚ್ಚಾಗಿ ಮೇಯುವುದು ಸೂರ್ಯ ಹುಟ್ಟಿದ ಮೇಲಿನ ಎರಡು ಮೂರು ಗಂಟೆ ಮತ್ತು ಮುಳುಗುವ ಮುನ್ನ ಎರಡು ಗಂಟೆ. ಕಾವಲಿನ ಆಳಿಗೆ ಈ ಹೊತ್ತು ಮುಖ್ಯ. ನಡುಮಧ್ಯಾಹ್ನದ ಕೂಗಾಟದಿಂದ ಪ್ರಯೋಜನ ಕಡಿಮೆ.

3. ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿಯಂತೆ ಹೊಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ತೆನೆಗಳಿಗಿಂತ ಅರ್ಧ ಮೀಟರ್ ಮೇಲೆ, ಸುಮಾರು 5 ಮೀಟರಿಗೊಂದು ಸಾಲಿನಂತೆ, ಎರಡು ಮೂರು ಸುತ್ತು ತಿರುಚಿ ಗೂಟಗಳಿಗೆ ಕಟ್ಟಬೇಕು. ಬಿಸಿಲಿಗೆ ಹೊಳೆದು, ಗಾಳಿಗೆ ಗುಂಯ್‌ಗುಟ್ಟಿ ಹಕ್ಕಿಯನ್ನು ಬೆದರಿಸುತ್ತದೆ. ಹಾಲುಗಾಳು ಕಟ್ಟುವಾಗಲೇ ಕಟ್ಟಬೇಕು. ಬಹಳ ಮುಂಚೆ ಕಟ್ಟಿದರೆ ಹಕ್ಕಿಗೆ ರೂಢಿಯಾಗಿಬಿಡುತ್ತದೆ.

4. ಬೆದರುಗೊಂಬೆ, ಡಬ್ಬಿಯ ಸದ್ದು, ಪಟಾಕಿ ಯಾವುದೇ ಇರಲಿ, ಎರಡು ಮೂರು ದಿನಗಳಿಗೊಮ್ಮೆ ಜಾಗ ಮತ್ತು ವಿಧಾನ ಬದಲಿಸಬೇಕು. ಹಕ್ಕಿ ಬೇಗ ಪಾಠ ಕಲಿಯುತ್ತದೆ.

5. ಬೀಜಕ್ಕೆಂದು ಆರಿಸಿದ ತೆನೆಗಳಿಗೆ ಜೋಳದ ಎಲೆಗಳನ್ನೇ ಸುತ್ತಿ ಕಟ್ಟುವುದು, ಇಲ್ಲವೆ ಬಟ್ಟೆ ಚೀಲ ತೊಡಿಸುವುದು.

6. ಕಾಳು ಬಲಿತ ಕೂಡಲೇ ಕೊಯ್ಲು ಮಾಡುವುದು. ಒಂದು ವಾರದ ತಡ ಹಕ್ಕಿಗೆ ಕೊಟ್ಟ ಒಂದು ವಾರದ ಊಟ.

ವಿಜಯಪುರ ಭಾಗದ ದ್ರಾಕ್ಷಿ ತೋಟಗಳಲ್ಲಿ ಹಣ್ಣು ಸಿಹಿಗಟ್ಟುವ ಕಾಲಕ್ಕೆ ಸುತ್ತಲೂ ಜೋಳದ ಕೊಯ್ಲು ಮುಗಿಯುತ್ತ ಬಂದಿರುತ್ತದೆ. ಆಗ ಹಕ್ಕಿಗಳು ತೋಟಕ್ಕೆ ತಿರುಗುತ್ತವೆ. ಬೆಲೆಬಾಳುವ ಈ ಬೆಳೆಗೆ ನೈಲಾನ್ ಬಲೆಯ ಖರ್ಚು ಗಿಟ್ಟುತ್ತದೆ. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲವಾದ ಬಲೆಯಲ್ಲಿ ಕಾಲು ಸಿಕ್ಕಿ ಹಕ್ಕಿಗಳು ಸಾಯುತ್ತವೆ.

ವಿಷ ಖಂಡಿತ ಬೇಡ

ಕೆಲವೆಡೆ ತೆನೆಗೆ ಘೋರ ವಿಷದ ಕೀಟನಾಶಕ ಸಿಂಪಡಿಸುವ, ಇಲ್ಲವೆ ವಿಷ ಬೆರೆಸಿದ ಕಾಳು ಚೆಲ್ಲುವ ದುರಭ್ಯಾಸ ಇದೆ. ಇದು ಮೂರು ಕಾರಣಗಳಿಂದ ತಪ್ಪು.

ಮೊದಲನೆಯದಾಗಿ, ಹಾಲುಗಾಳಿನ ತೆನೆಯನ್ನು ಸೀತನಿಯಾಗಿ ತಿನ್ನುವವರು ನಮ್ಮ ಮಕ್ಕಳು. ಕಣಿಕೆಯನ್ನು ತಿನ್ನುವವು ನಮ್ಮ ಎತ್ತು, ಎಮ್ಮೆಗಳು. ಹಕ್ಕಿಗಿಟ್ಟ ವಿಷ ಮನೆಯ ಅಂಗಳಕ್ಕೇ ಬರುತ್ತದೆ.

ಎರಡನೆಯದಾಗಿ, ವಿಷಕ್ಕೆ ಕಳ್ಳ ಯಾರು, ಆಳು ಯಾರು ಎಂಬ ವಿವೇಚನೆ ಇಲ್ಲ. ಅರ್ಜೆಂಟೀನಾ ದೇಶದ ಬಯಲುಗಳಲ್ಲಿ 1995-96ರಲ್ಲಿ ಮಿಡತೆಗಳ ನಾಶಕ್ಕೆಂದು ಮೊನೊಕ್ರೊಟೊಫಾಸ್ ಸಿಂಪಡಿಸಿದಾಗ, ಅದೇ ಮಿಡತೆಗಳನ್ನು ತಿನ್ನಲು ಉತ್ತರ ಅಮೆರಿಕದಿಂದ ವಲಸೆ ಬಂದಿದ್ದ ಗಿಡುಗಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತು ಬಿದ್ದವು. ಮಿಡತೆಗಳ ಸಹಜ ವೈರಿಯನ್ನೇ ಔಷಧಿ ಕೊಂದಂತಾಯಿತು. ನಮ್ಮ ದೇಶದಲ್ಲಿ ಫೋರೇಟ್ ವಿಷವನ್ನು 2020ರ ಕೊನೆಯಿಂದ ನಿಷೇಧಿಸಲಾಗಿದೆ. ಮೊನೊಕ್ರೊಟೊಫಾಸನ್ನು 2005ರಲ್ಲಿ ತರಕಾರಿಗೆ ನಿಷೇಧಿಸಿ, ಅದರ ಶೇ. 36ರ ದ್ರಾವಣವನ್ನು 2023ರ ಆದೇಶದಿಂದ ನಿಷೇಧಿಸಲಾಯಿತು. ಹಳೆಯ ಡಬ್ಬಿಗಳು ಮನೆಯಲ್ಲಿ ಉಳಿದಿದ್ದರೆ ಬಳಸಬಾರದು.

ಮೂರನೆಯದಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈ ಹಕ್ಕಿಗಳನ್ನು ಕೊಲ್ಲುವುದು ಶಿಕ್ಷಾರ್ಹ ಅಪರಾಧ.

ಕೆರೆಯ ಅತಿಥಿಗಳು

ಹೊಲದಂತೆಯೇ ಕೆರೆಗೂ ಚಳಿಗಾಲದ ನೆಂಟರು ಬರುತ್ತಾರೆ. ಇವರಲ್ಲಿ ಹೆಸರಾದದ್ದು ಪಟ್ಟೆತಲೆ ಹೆಬ್ಬಾತು. ಬೂದುಬಣ್ಣದ ಮೈ, ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಹಿಮಾಲಯವನ್ನು ದಾಟುವಾಗ ಇವು 7 ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ.

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಸಾವಿರಾರು ಹೆಬ್ಬಾತುಗಳು ಬರುತ್ತವೆ. ಅದು ಮಳೆನೀರು ಹಿಡಿದು ನೀರಾವರಿ ಮಾಡಲೆಂದು ಜನರೇ ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ. 2024ರಲ್ಲಿ ಇದನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಹಗಲು ಕೆರೆಯಲ್ಲಿ ವಿಶ್ರಮಿಸುವ ಹೆಬ್ಬಾತುಗಳು ಬೆಳಗಿನ ಜಾವ ಮತ್ತು ಸಂಜೆ ಸುತ್ತಲಿನ ಹೊಲಗಳಿಗೆ ಹೋಗಿ ಹುಲ್ಲು, ಎಳೆಯ ಪೈರು, ಕಿತ್ತ ಹೊಲದಲ್ಲಿ ಉದುರಿದ ಶೇಂಗಾ ಮೇಯುತ್ತವೆ. ಎಳೆಯ ಕಡಲೆ, ಗೋಧಿ ಇರುವಲ್ಲಿ ಕಾವಲು ಬೇಕು. ಶೇಂಗಾ ಕಿತ್ತ ಹೊಲದಲ್ಲಿ ಅವು ತಿನ್ನುವುದು ನಮ್ಮ ಕೈಗೆ ಸಿಗದೆ ಹೋದ ಕಾಳು. ಬದಲಿಗೆ ಬಿಟ್ಟುಹೋಗುವ ಹಿಕ್ಕೆ ಒಳ್ಳೆಯ ಗೊಬ್ಬರ.

ಹಕ್ಕಿಯನ್ನೂ ಗೊಬ್ಬರವನ್ನೂ ಒಟ್ಟಿಗೆ ಸಾಕಿದ ಊರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹಳ್ಳಿಯ ನಡುವಿನ ಹುಣಸೆ, ಆಲ, ಅತ್ತಿ ಮರಗಳಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಚಳಿಗಾಲದಲ್ಲಿ ಬಂದು ಗೂಡು ಕಟ್ಟಿ, ಬೇಸಿಗೆಯವರೆಗೆ ಮರಿ ಸಾಕುತ್ತವೆ. ಮರದಡಿ ಬಿದ್ದ ಹಿಕ್ಕೆಯನ್ನು ಮಣ್ಣಿನೊಡನೆ ಬೆರೆಸಿ ಗದ್ದೆಗೆ ಹಾಕುವ ಪದ್ಧತಿ ಅಲ್ಲಿ ಹಿಂದಿನಿಂದ ಬಂದದ್ದು. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಚೈತ್ರದ ಮೊದಲ ಕುರುಹುಗಳು

ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಸಂಕ್ರಾಂತಿ ಕಳೆಯುವಾಗ ಚಳಿ ಇನ್ನೂ ಇರುತ್ತದೆ. ಆದರೆ ಗಿಡಮರಗಳು, ಹಕ್ಕಿಗಳು ಆಗಲೇ ಮುಂದಿನ ಋತುವಿನ ಸುದ್ದಿ ಹೇಳತೊಡಗುತ್ತವೆ. ಪಂಚಾಂಗದ ಚೈತ್ರಕ್ಕಿಂತ ಹೊಲದ ಚೈತ್ರ ಸುಮಾರು ಎರಡು ತಿಂಗಳು ಮುಂಚೆಯೇ ಆರಂಭ ಎನ್ನಬಹುದು. ಈ ಕುರುಹುಗಳು ಕಣ್ಣಿಗೆ ಹಬ್ಬ ಮಾತ್ರವಲ್ಲ, ಒಂದೊಂದೂ ಒಂದು ಕೆಲಸವನ್ನು ನೆನಪಿಸುತ್ತದೆ.

ಮಾವಿನ ಹೂ: ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೂ ಬರುತ್ತದೆ. ಜಿಗಿಹುಳು ಮತ್ತು ಬೂದಿರೋಗಗಳನ್ನು ಮೊಗ್ಗಿನ ಹಂತದಲ್ಲೇ ಗಮನಿಸಿ ಹತೋಟಿ ಮಾಡಬೇಕು. ಹೂ ಪೂರ್ತಿ ಅರಳಿದಾಗ ಕೀಟನಾಶಕ ಸಿಂಪಡಿಸಬಾರದು. ನೊಣ, ಜೇನ್ನೊಣಗಳು ಸತ್ತರೆ ಕಾಯಿ ಕಚ್ಚುವುದಿಲ್ಲ.

ಬೂರುಗ, ಹಾಲುವಾಣ, ಮುತ್ತುಗ: ಎಲೆ ಉದುರಿಸಿ ಕೆಂಪಾಗಿ ಅರಳುವ ಈ ಮರಗಳು ಜನವರಿಯಿಂದ ಮಾರ್ಚ್‌ವರೆಗೆ ಹಕ್ಕಿಗಳ ಅರವಟ್ಟಿಗೆ. ಗುಲಾಬಿ ಕಬ್ಬಕ್ಕಿಯ ಗುಂಪು ಕಾಳಿನ ಹೊಲ ಬಿಟ್ಟು ಹೂವಿನ ಮರ ಏರಿತೆಂದರೆ ಚಳಿಗಾಲ ಮುಗಿಯುತ್ತ ಬಂದಂತೆ. ಮಕರಂದ ಕುಡಿಯುವಾಗ ತಲೆಗೆ ಪರಾಗ ಮೆತ್ತಿಕೊಂಡು ಮರದಿಂದ ಮರಕ್ಕೆ ಒಯ್ಯುತ್ತದೆ. ಹಾಲುಗಾಳು ಕದ್ದ ಹಕ್ಕಿಯೇ ಬೂರುಗ, ಮುತ್ತುಗಗಳಿಗೆ ಕಾಯಿ ಕಟ್ಟಿಸುತ್ತದೆ. ಈ ಹೊತ್ತಿಗೆ ಅದರ ಮೈಯ ಗುಲಾಬಿ ಬಣ್ಣವೂ ತಿಳಿಯಾಗಿ ಹೊಳೆಯತೊಡಗುತ್ತದೆ. ಅದು ಮದುವಣಿಗನ ಉಡುಪು. ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಇಂಥ ಮರಗಳಿದ್ದರೆ ಕಡಿಯಬೇಡಿ. ಪ್ರಯಾಣದ ಬುತ್ತಿಗೆ ಹಕ್ಕಿ ಅಲ್ಲಿಗೆ ಹೋದಷ್ಟೂ ನಿಮ್ಮ ತೋಟದ ಹಣ್ಣಿಗೆ ನೆಮ್ಮದಿ.

ಹಕ್ಕಿಗಳ ದನಿ: ಚಳಿಗಾಲದಲ್ಲಿ ಮೌನವಾಗಿದ್ದ ಮಡಿವಾಳ ಹಕ್ಕಿ ಫೆಬ್ರವರಿ, ಮಾರ್ಚ್‌ನಲ್ಲಿ ನಸುಕಿನಲ್ಲೇ ಹಾಡಲಾರಂಭಿಸುತ್ತದೆ. ಕಂಚುಗಾರ ಹಕ್ಕಿ ಟುಕ್ ಟುಕ್ ಎಂದು ಬಡಿಯತೊಡಗುತ್ತದೆ. ಕೋಗಿಲೆ ಎಲ್ಲಿಂದಲೋ ಬರುವುದೆಂದು ಹಲವರು ಭಾವಿಸಿದ್ದಾರೆ. ಅದು ವರ್ಷವಿಡೀ ನಮ್ಮಲ್ಲೇ ಇರುವ ಹಕ್ಕಿ. ಮರಿ ಮಾಡುವ ಕಾಲ ಸಮೀಪಿಸಿದಾಗ ಮಾತ್ರ ಬಾಯಿ ಬಿಡುತ್ತದೆ.

ಹೊಂಗೆ ಮತ್ತು ಬೇವು: ಮಾರ್ಚ್‌ನಲ್ಲಿ ಹೊಂಗೆ ಚಿಗುರಿ, ಬೇವು ಹೂ ಬಿಡುತ್ತದೆ. ಜೇನುಪೆಟ್ಟಿಗೆ ಇರುವವರಿಗೆ ಇದು ಒಳ್ಳೆಯ ಕಾಲ. ಬೇವಿನ ಹೂ ಕಂಡಾಗಲೇ ಮುಂಗಾರಿನ ಆರಂಭಕ್ಕೆ ಬೀಳುವ ಬೀಜವನ್ನು ಆರಿಸುವ ಯೋಚನೆ ಮಾಡಿರಿ. ಒಣಗಿಸಿಟ್ಟ 5 ಕಿಲೋ ಬೀಜದ ತಿರುಳಿನಿಂದ 100 ಲೀಟರ್ ಬೇವಿನ ಕಷಾಯ ತಯಾರಾಗಿ, ಮುಂದಿನ ಹಿಂಗಾರಿನ ಕಡಲೆಗೆ ಒದಗುತ್ತದೆ. ಹಕ್ಕಿಗೂ ಜೇನಿಗೂ ಇದರಿಂದ ಅಪಾಯ ಕಡಿಮೆ.

ಮಾಗಿ ಉಳುಮೆ: ರಾಶಿ ಮುಗಿದ ಹೊಲವನ್ನು ಉತ್ತಾಗ ಮಣ್ಣಿನಲ್ಲಿದ್ದ ಕಾಯಿಕೊರಕದ ಕೋಶಗಳು, ಗೊಣ್ಣೆಹುಳುಗಳು ಮೇಲೆ ಬೀಳುತ್ತವೆ. ಬೆಳಿಗ್ಗೆ ಬೇಗ ಉತ್ತರೆ ನೇಗಿಲ ಹಿಂದೆಯೇ ಬೆಳ್ಳಕ್ಕಿ, ಗೊರವಂಕ, ಕಾಜಾಣಗಳ ಜೊತೆಗೆ ಹೊರಡಲು ಸಿದ್ಧವಾದ ಕುಂಡೆಕುಸ್ಕವೂ ಸಾಲು ಹಿಡಿದು ನಡೆಯುತ್ತದೆ. ನೀವು ಎತ್ತಿಹಾಕಿದ್ದನ್ನು ಅವು ಮುಗಿಸುತ್ತವೆ. ಇದೇ ಕಾಲಕ್ಕೆ ಟಿಟ್ಟಿಭ ಬರಿನೆಲದ ಮೇಲೆ ಮಣ್ಣುಬಣ್ಣದ ಮೊಟ್ಟೆ ಇಡುತ್ತದೆ. ಕಿರಿಚುತ್ತ ತಲೆಯ ಮೇಲೆ ಸುತ್ತುವ ಟಿಟ್ಟಿಭ ಕಂಡರೆ ಎರಡು ಮಾರು ನೆಲ ಬಿಟ್ಟು ಉಳುವುದರಿಂದ ನಷ್ಟವೇನೂ ಇಲ್ಲ.

ಹೊರಡುವ ಕಾಲ

ಮಾರ್ಚ್ ತಿಂಗಳಲ್ಲಿ ಹೆಬ್ಬಾತುಗಳು ಕೆರೆ ಬಿಡುತ್ತವೆ. ಸೆಳೆವ, ಕವಲುತೋಕೆ, ಕುಂಡೆಕುಸ್ಕಗಳು ಒಂದೊಂದಾಗಿ ಕಣ್ಮರೆಯಾಗುತ್ತವೆ. ಗುಲಾಬಿ ಕಬ್ಬಕ್ಕಿಯ ಕೊನೆಯ ಗುಂಪುಗಳು ಏಪ್ರಿಲ್‌ವರೆಗೂ ಅತ್ತಿ, ಆಲ, ಹಿಪ್ಪುನೇರಳೆ ಹಣ್ಣುಗಳ ಮೇಲೆ ಇರುತ್ತವೆ. ಅವು ಹೊರಟ ಮೇಲೆ ಜೋಳದ ಹೊಲ ಕೂಳೆ, ಕೆರೆಯಂಗಳ ಬಿರುಕು. ರೈತನ ಕಣ್ಣು ಇನ್ನು ರೋಹಿಣಿ, ಮೃಗಶಿರದ ಕಡೆಗೆ.

ಈ ಹಕ್ಕಿಗಳು ಮುಂದಿನ ಉತ್ತರೆ ಮಳೆಯ ಹೊತ್ತಿಗೆ ಮರಳಿ ಬರಬೇಕಾದರೆ ಇಲ್ಲಿ ಕೆರೆಯಲ್ಲಿ ನೀರು, ಗೋಮಾಳದಲ್ಲಿ ಹುಲ್ಲು, ಬದುವಿನಲ್ಲಿ ಮರ ಇರಬೇಕು, ತೆನೆಯಲ್ಲಿ ವಿಷ ಇರಬಾರದು. ಇವು ನಾಲ್ಕೂ ಹಕ್ಕಿಗೆ ಬೇಕಾದವು ಎನ್ನುವುದಕ್ಕಿಂತ ಬೇಸಾಯಕ್ಕೆ ಬೇಕಾದವು ಎನ್ನುವುದೇ ಸರಿ. ಆದ್ದರಿಂದ ರೈತ ಬಾಂಧವರು ಮುಂದಿನ ಹಿಂಗಾರಿಗೆ ಮುನ್ನ ಊರಿನಲ್ಲಿ ಒಟ್ಟಾಗಿ ಕುಳಿತು, ಒಂದೇ ವಾರದಲ್ಲಿ ಬಿತ್ತನೆ ಮುಗಿಸುವ, ತೆನೆಗೆ ವಿಷ ಹಾಕದಿರುವ ತೀರ್ಮಾನ ಮಾಡಿಕೊಳ್ಳಬೇಕು. ಹಾಲುಗಾಳಿನ ನಾಲ್ಕು ವಾರ ಕವಣೆ ಹಿಡಿಯಿರಿ. ಉಳಿದ ಕಾಲ ಹಕ್ಕಿಗಳು ನಿಮ್ಮ ಹೊಲದಲ್ಲಿ ದುಡಿಯಲಿ.